ವೈದ್ಯಗ್ರಂಥಗಳಿಗೆ ದಾರಿ ತೋರಿದ ಮಹನೀಯ: ಜಾನ್ ಷಾ ಬಿಲ್ಲಿಂಗ್ಸ್

ಹೊಸದನ್ನು ಕಂಡುಹಿಡಿದವರ ಹೆಸರು ಲೋಕದಲ್ಲಿ ನಿಲ್ಲುತ್ತದೆ. ಕಂಡುಹಿಡಿದದ್ದು ಎಲ್ಲಿದೆಯೆಂದು ತೋರಿಸಿಕೊಟ್ಟವರ ಹೆಸರು ಬಹುಮಟ್ಟಿಗೆ ಮರೆಯಾಗುತ್ತದೆ. ಸಿಡುಬಿಗೆ ದಾಕು ಹಾಕುವುದನ್ನು ಕಲಿಸಿದ ಜೆನ್ನರನನ್ನೂ, ಹುಚ್ಚುನಾಯಿಯ ಕಡಿತಕ್ಕೆ ಮದ್ದು ಕೊಟ್ಟ ಪಾಶ್ಚರನನ್ನೂ ನಾವು ಬಾಲ್ಯದ ಪಾಠಪುಸ್ತಕಗಳಿಂದಲೇ ಬಲ್ಲೆವು. ಆದರೆ ಇಂಥ ನೂರಾರು ವೈದ್ಯರು ಬರೆದಿಟ್ಟ ಸಾವಿರಾರು ಲೇಖನಗಳು ಧೂಳು ಹಿಡಿಯದಂತೆ, ಬೇಕಾದವರ ಕೈಗೆ ಬೇಕಾದಾಗ ಸಿಕ್ಕುವಂತೆ ಮಾಡಿದವರು ಯಾರು? ಆ ಕೆಲಸಕ್ಕೆ ಭದ್ರವಾದ ಅಡಿಪಾಯ ಹಾಕಿದವರು ಅಮೆರಿಕದ ಸೇನಾವೈದ್ಯರಾಗಿದ್ದ ಜಾನ್ ಷಾ ಬಿಲ್ಲಿಂಗ್ಸ್. ತಮ್ಮ ದೇಶದಲ್ಲಿ ಕೀರ್ತಿವಂತರಾದ ಈ ಮಹನೀಯರು ನಮ್ಮಲ್ಲಿ ಅಷ್ಟಾಗಿ ಪರಿಚಿತರಲ್ಲ.

ನನಗೂ ಅವರ ಹೆಸರು ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಕಳೆದ ವರ್ಷ ಇತಿಹಾಸದ ತರಗತಿಗಾಗಿ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮಾರಿಯ ಮೇಲೆ ಒಂದು ಪ್ರಬಂಧ ಬರೆಯಬೇಕಾಗಿತ್ತು. ಫೋನಿನಲ್ಲಿ ಪ್ಲೇಗಿನ ಹೆಸರು ಹಾಕಿ ಹುಡುಕಿದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಲೇಖನಗಳ ಉದ್ದದ ಪಟ್ಟಿಯೊಂದು ಬಂದಿತು. ಒಂದೊಂದರ ಬಳಿಯೂ, ಅದನ್ನು ಬೇರೆ ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂಬ ಅಂಕಿಯಿತ್ತು. ದೊಡ್ಡ ಅಂಕಿಯಿದ್ದ ನಾಲ್ಕನ್ನು ಆರಿಸಿ, ಓದುವ ಗೋಜಿಗೇ ಹೋಗದೆ, ಪ್ರಬಂಧದ ಕೊನೆಯಲ್ಲಿ ಆಧಾರಗಳೆಂದು ಹೆಸರಿಸಿಬಿಟ್ಟೆ. ಅವುಗಳಲ್ಲಿ ಎರಡಕ್ಕೆ ಬೆಂಗಳೂರಿನೊಡನೆ ಯಾವ ಸಂಬಂಧವೂ ಇರಲಿಲ್ಲ. ನಮ್ಮ ಅಧ್ಯಾಪಕರು ಗದರಿಸಲಿಲ್ಲ. ಇಂಥ ಪಟ್ಟಿಯನ್ನು ಮೊದಲು ಕಟ್ಟಿದವರು ಯಾರು, ಏತಕ್ಕಾಗಿ ಕಟ್ಟಿದರು ಎಂಬುದನ್ನು ತಿಳಿದುಕೊಂಡು ಬರುವಂತೆ ಹೇಳಿ ಪ್ರಬಂಧವನ್ನು ಹಿಂದಿರುಗಿಸಿದರು. ಈ ಲೇಖನ ಆ ಋಣವನ್ನು ತೀರಿಸುವ ಒಂದು ಸಣ್ಣ ಪ್ರಯತ್ನ.

ಬಿಲ್ಲಿಂಗ್ಸರು 1838ನೆಯ ಇಸವಿ ಏಪ್ರಿಲ್ 12ರಂದು ಅಮೆರಿಕದ ಇಂಡಿಯಾನ ಸಂಸ್ಥಾನದಲ್ಲಿ ಒಂದು ಬೇಸಾಯಗಾರರ ಮನೆಯಲ್ಲಿ ಜನಿಸಿದರು. ಹಳ್ಳಿಯ ಶಾಲೆಯ ಕಲಿಕೆ ಅಲ್ಪಸ್ವಲ್ಪ. ಆದರೆ ಹುಡುಗನಿಗೆ ಓದಿನ ಹಸಿವು ವಿಪರೀತ. ಲ್ಯಾಟಿನ್ ಕಲಿಸುವವರು ಸಿಕ್ಕದಿದ್ದಾಗ ವ್ಯಾಕರಣವನ್ನೂ ನಿಘಂಟನ್ನೂ ಮುಂದಿಟ್ಟುಕೊಂಡು ತಾನೇ ಕಲಿತನಂತೆ. ಮುಂದೆ ಕಾಲೇಜಿಗೆ ಹೋಗುವ ಆಸೆ ಹುಟ್ಟಿದಾಗ ತಂದೆಯೊಡನೆ ಒಂದು ಒಪ್ಪಂದ ಮಾಡಿಕೊಂಡನು: ತನ್ನನ್ನು ಓದಿಸಿದರೆ ಸಾಕು, ಪಿತ್ರಾರ್ಜಿತ ಆಸ್ತಿಯಲ್ಲಿ ತನಗೆ ಏನೂ ಬೇಡ, ಎಲ್ಲವೂ ತಂಗಿಗೇ ಸೇರಲಿ. ತಂದೆ ಒಪ್ಪಿದರು. ಈ ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿಗಾಗಿ ಹೊಲದ ಪಾಲನ್ನು ಬಿಟ್ಟುಕೊಡುವುದೆಂದರೆ ಏನೆಂಬುದು ಬೇಸಾಯದ ಮನೆಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಓಹಾಯೋ ಸಂಸ್ಥಾನದ ಮಯಾಮಿ ವಿಶ್ವವಿದ್ಯಾನಿಲಯದಲ್ಲಿ ಓದಿ, 1857ರಲ್ಲಿ ಅವರು ಬಿ.ಎ. ಪದವಿ ಪಡೆದರು. ಅನಂತರ ಸಿನ್ಸಿನಾಟಿ ನಗರದಲ್ಲಿದ್ದ ಓಹಾಯೋ ವೈದ್ಯಕೀಯ ಕಾಲೇಜನ್ನು ಸೇರಿದರು. ಅಲ್ಲಿನ ದಿನಗಳು ಕಡುಬಡತನದವು. ಶವಪರೀಕ್ಷೆಯ ಕೊಠಡಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ, ಹಾಲು ಮೊಟ್ಟೆಗಳಲ್ಲಿಯೇ ಎಷ್ಟೋ ದಿನ ಹೊಟ್ಟೆ ಹೊರೆದರು. 1860ರಲ್ಲಿ ವೈದ್ಯಪದವಿ ದೊರೆಯಿತು.

ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ ಸಂಗತಿ ನಡೆದದ್ದು ಆ ಪದವಿಗಾಗಿ ಪ್ರಬಂಧ ಬರೆಯುವಾಗ. ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ, ಶಸ್ತ್ರಚಿಕಿತ್ಸೆ ಮಾಡುವುದು ಅವರು ಆರಿಸಿಕೊಂಡ ವಿಷಯ. ಆ ಕಾಲದಲ್ಲಿ ತಲೆಬುರುಡೆಯನ್ನು ಕೊರೆದು ಈ ರೋಗವನ್ನು ಗುಣಪಡಿಸಲು ಕೆಲವರು ಯತ್ನಿಸುತ್ತಿದ್ದರು. ಹಾಗೆ ಕೊರೆಸಿಕೊಂಡವರಲ್ಲಿ ಬದುಕಿದವರೆಷ್ಟು ಮಂದಿ, ಸತ್ತವರೆಷ್ಟು ಮಂದಿ, ಬದುಕಿದರೂ ಗುಣಕಾಣದವರೆಷ್ಟು ಮಂದಿ ಎಂಬ ಲೆಕ್ಕ ಅವರಿಗೆ ಬೇಕಾಗಿತ್ತು. ಇದು ಬರಿಯ ಪಾಂಡಿತ್ಯದ ಕುತೂಹಲವಲ್ಲ. ಮುಂದಿನ ರೋಗಿಯ ತಲೆಯ ಮೇಲೆ ಕತ್ತಿ ಇಡಬೇಕೇ ಬೇಡವೇ ಎಂಬ ಪ್ರಶ್ನೆ. ಸಿನ್ಸಿನಾಟಿಯಲ್ಲಿ ಸಿಕ್ಕಿದ ಸಂಪುಟಗಳನ್ನೆಲ್ಲ ಅವರು ಒಂದೊಂದಾಗಿ ತಿರುವಿಹಾಕಿದರು. ಹೊರಗಿನ ಊರುಗಳಲ್ಲಿಯೂ ವಿಚಾರಿಸಿದರು. ಕೊನೆಗೆ ಅವರಿಗೆ ಮೂರು ಸಂಗತಿಗಳು ಸ್ಪಷ್ಟವಾದವು. ಒಂದು, ಸಾವಿರ ಸಂಪುಟಗಳಲ್ಲಿ ಒಂದು ವಿಷಯವನ್ನು ಹುಡುಕುವುದು ಅಪಾರ ಶ್ರಮದ ಕೆಲಸ. ಎರಡು, ಗ್ರಂಥಗಳ ಹಿಂದಿನ ಸೂಚಿಗಳನ್ನೂ ಲೇಖನಗಳ ತಲೆಬರಹಗಳನ್ನೂ ನಂಬುವಂತಿಲ್ಲ. ಮೂರು, ಇಂಥ ಒಂದು ವಿಷಯದ ಬರಹಗಳೆಲ್ಲ ಒಟ್ಟಿಗೆ ದೊರೆಯುವ ಗ್ರಂಥಾಲಯ ಇಡೀ ಅಮೆರಿಕದಲ್ಲಿ ಒಂದೂ ಇಲ್ಲ. ಈ ಕೊರಗು ಅವರ ಮನಸ್ಸಿನಲ್ಲಿ ನೆಟ್ಟುಹೋಯಿತು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಬಿಲ್ಲಿಂಗ್ಸರು ಉತ್ತರದವರ ಸೈನ್ಯದಲ್ಲಿ ವೈದ್ಯರಾಗಿ ಸೇರಿದರು. 1863ರಲ್ಲಿ ಚಾನ್ಸಲರ್ಸ್‌ವಿಲ್ ಮತ್ತು ಗೆಟಿಸ್‌ಬರ್ಗ್ ಕದನಗಳಲ್ಲಿ ಗಾಯಾಳುಗಳ ನಡುವೆ ಹಗಲಿರುಳೆನ್ನದೆ ದುಡಿದರು. ಯುದ್ಧಭೂಮಿಯ ಆ ಬವಣೆಯಿಂದ ದೇಹ ಜರ್ಜರಿತವಾಯಿತು. 1864ರ ಕೊನೆಗೆ ಅವರನ್ನು ವಾಷಿಂಗ್ಟನ್ ನಗರದಲ್ಲಿ ಸೇನೆಯ ವೈದ್ಯಾಧಿಪತಿಯ, ಎಂದರೆ ಸರ್ಜನ್ ಜನರಲ್ಲರ ಕಚೇರಿಗೆ ವರ್ಗ ಮಾಡಲಾಯಿತು. ಅಲ್ಲಿ ಅವರ ಪಾಲಿಗೆ ಬಂದ ಹಲವು ಕೆಲಸಗಳಲ್ಲಿ ಕಚೇರಿಯ ಪುಸ್ತಕಗಳ ಮೇಲ್ವಿಚಾರಣೆಯೂ ಒಂದು. ಪುಸ್ತಕಗಳೆಂದರೆ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬೇರೆ ಯಾರಾದರೂ ಆಗಿದ್ದರೆ ಅವುಗಳ ಧೂಳು ಕೊಡವಿಸಿ ಸುಮ್ಮನಾಗುತ್ತಿದ್ದರು. ಬಿಲ್ಲಿಂಗ್ಸರಿಗೆ ತಮ್ಮ ವಿದ್ಯಾರ್ಥಿದೆಸೆಯ ಕೊರಗು ನೆನಪಿದ್ದಿತು.

ಯುದ್ಧ ಮುಗಿದಮೇಲೆ ಸೇನಾ ಆಸ್ಪತ್ರೆಗಳ ನಿಧಿಯಲ್ಲಿ ಸುಮಾರು 80,000 ಡಾಲರು ಉಳಿದಿದ್ದಿತು. ಆ ಹಣ ಪುಸ್ತಕಗಳಿಗೆ ವಿನಿಯೋಗವಾಗುವಂತೆ ಅವರು ನೋಡಿಕೊಂಡರು. ಹಣವೊಂದರಿಂದಲೇ ಗ್ರಂಥಾಲಯ ಬೆಳೆಯಲಿಲ್ಲ. ಊರೂರಿನ ವೈದ್ಯರಿಗೂ ವೈದ್ಯಸಂಘಗಳಿಗೂ ಅವರು ಕಾಗದ ಬರೆದರು; ಹಳೆಯ ಪತ್ರಿಕೆಗಳನ್ನು ಕಳುಹಿಸಿಕೊಡಲು ಕೇಳಿಕೊಂಡರು; ತಮ್ಮಲ್ಲಿ ಎರಡೆರಡಿದ್ದ ಪ್ರತಿಗಳನ್ನು ಕೊಟ್ಟು ತಮ್ಮಲ್ಲಿಲ್ಲದ್ದನ್ನು ಪಡೆದರು. ಈ ಗ್ರಂಥಭಂಡಾರಕ್ಕೆ ದೊರೆತ ಕಟ್ಟಡವೂ ವಿಚಿತ್ರವಾದುದೇ. 1865ರಲ್ಲಿ ಅಧ್ಯಕ್ಷ ಲಿಂಕನ್ ಗುಂಡೇಟಿಗೆ ಗುರಿಯಾದ ಫೋರ್ಡ್ ನಾಟಕಶಾಲೆಯನ್ನು ಸರ್ಕಾರ ವಹಿಸಿಕೊಂಡಿತ್ತು. ಅದರಲ್ಲೇ 1887ರವರೆಗೂ ಈ ಗ್ರಂಥಗಳಿದ್ದವು. 1895ರಲ್ಲಿ ಅವರು ಆ ಕೆಲಸದಿಂದ ಬಿಡುಗಡೆ ಹೊಂದುವ ವೇಳೆಗೆ ಎರಡು ಸಾವಿರದ ಕಪಾಟು ಒಂದು ಲಕ್ಷಕ್ಕೂ ಮಿಕ್ಕ ಸಂಪುಟಗಳ ಭಂಡಾರವಾಗಿತ್ತು.

ಆದರೆ ಪುಸ್ತಕಗಳನ್ನು ಕೂಡಿಹಾಕಿದರೆ ಸಾಲದು. ಒಳಗೇನಿದೆಯೆಂದು ತಿಳಿಯದ ಭಂಡಾರ ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಬಿಲ್ಲಿಂಗ್ಸರ ಹೆಚ್ಚಳವಿರುವುದು ಇಲ್ಲಿಯೇ. ಪುಸ್ತಕಗಳನ್ನು ಮಾತ್ರವಲ್ಲದೆ, ಪತ್ರಿಕೆಗಳಲ್ಲಿ ಬಂದ ಒಂದೊಂದು ಲೇಖನವನ್ನೂ ವಿಷಯವಾರಾಗಿ ಪಟ್ಟಿಮಾಡಲು ಅವರು ತೊಡಗಿದರು. ಹೊಸದಾಗಿ ಬಂದ ಪತ್ರಿಕೆಗಳನ್ನು ಸಂಜೆಯ ಹೊತ್ತು ಮುಂದಿಟ್ಟುಕೊಂಡು, ಪಟ್ಟಿಗೆ ಸೇರಬೇಕಾದ ಲೇಖನಗಳಿಗೆ ಪೆನ್ಸಿಲಿನಿಂದ ಗುರುತು ಹಾಕುವರು. ಕಚೇರಿಯ ಗುಮಾಸ್ತರು ಅವನ್ನು ಒಂದೊಂದು ಚೀಟಿಗೆ ಇಳಿಸುವರು. ಚೀಟಿಗಳು ರೋಗಗಳ ಹೆಸರಿನಂತೆ, ಕರ್ತೃಗಳ ಹೆಸರಿನಂತೆ ಅಕಾರಾದಿಯಾಗಿ ಜೋಡಣೆಯಾಗುವುವು. ಈ ಕಾರ್ಯದಲ್ಲಿ ಅವರಿಗೆ ಬಲಗೈಯಾಗಿದ್ದವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ ಡಾಕ್ಟರ್ ರಾಬರ್ಟ್ ಫ್ಲೆಚರ್. 1876ರಲ್ಲಿ ಮಾದರಿಯ ಸಂಚಿಕೆಯೊಂದನ್ನು ಅಚ್ಚುಹಾಕಿಸಿ ವೈದ್ಯರ ಅಭಿಪ್ರಾಯ ಕೇಳಿದರು. 1880ರಲ್ಲಿ ಇಂಡೆಕ್ಸ್ ಕ್ಯಾಟಲಾಗ್ ಎಂಬ ಮಹಾಸೂಚಿಯ ಮೊದಲ ಸಂಪುಟ ಹೊರಬಂದಿತು. ಮೊದಲ ಮಾಲೆಯ 16 ಸಂಪುಟಗಳು ಮುಗಿದದ್ದು 1895ರಲ್ಲಿ.

ಒಂದು ಅಕ್ಷರದ ಸಂಪುಟ ಅಚ್ಚಾಗುವಷ್ಟರಲ್ಲಿ ಬೇರೆ ಅಕ್ಷರಗಳ ವಿಷಯಗಳಲ್ಲಿ ಹೊಸ ಲೇಖನಗಳು ಬರುತ್ತಲೇ ಇದ್ದವು. ಅವುಗಳಿಗಾಗಿ 1879ರ ಜನವರಿಯಿಂದ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಲೋಕದ ವೈದ್ಯಸಾಹಿತ್ಯದಲ್ಲಿ ಆ ತಿಂಗಳು ಹೊಸದಾಗಿ ಕಂಡುಬಂದ ಬರಹಗಳ ಪಟ್ಟಿಯೇ ಆ ಪತ್ರಿಕೆ. ಚಂದಾದಾರರು ಸಾಲದೆ ಅದು ನಷ್ಟದಲ್ಲೇ ನಡೆದು 1899ರಲ್ಲಿ ನಿಂತುಹೋಯಿತು. 1903ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಮತ್ತೆ ಜೀವ ತಳೆಯಿತು.

ಹೀಗೆ ಎಲ್ಲವೂ ಒಂದೆಡೆ ಪಟ್ಟಿಯಾದಾಗ, ಅದುವರೆಗೆ ಯಾರೂ ಸರಿಯಾಗಿ ಕೇಳಲಾರದಿದ್ದ ಪ್ರಶ್ನೆಯೊಂದನ್ನು ಕೇಳುವುದು ಸಾಧ್ಯವಾಯಿತು. ಲೋಕದ ವೈದ್ಯರಲ್ಲಿ ಹೊಸ ಜ್ಞಾನವನ್ನು ಬರೆದು ಕೊಡುವವರು ಎಷ್ಟು ಮಂದಿ? 1881ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ವೈದ್ಯಸಮ್ಮೇಳನದಲ್ಲಿ ಬಿಲ್ಲಿಂಗ್ಸರು ವೈದ್ಯಸಾಹಿತ್ಯವನ್ನು ಕುರಿತು ಭಾಷಣ ಮಾಡಿದರು. ಲೋಕದಲ್ಲಿ ಸುಮಾರು 1,80,000 ಮಂದಿ ವೈದ್ಯರಿರುವರೆಂದೂ, ಅವರಲ್ಲಿ ಸುಮಾರು 11,600 ಮಂದಿ ಮಾತ್ರ ಏನನ್ನಾದರೂ ಬರೆಯುವವರೆಂದೂ ಲೆಕ್ಕ ಕೊಟ್ಟರು. ಆ ಬರೆಯುವವರು ಯಾವ ಯಾವ ದೇಶದಲ್ಲಿ ಎಷ್ಟೆಷ್ಟಿರುವರೆಂಬುದನ್ನೂ ವಿಂಗಡಿಸಿ ತೋರಿಸಿದರು. ಸಂಶೋಧನೆಯನ್ನು ಎಣಿಸಿ ನೋಡುವ ಆಧುನಿಕ ಶಾಸ್ತ್ರಕ್ಕೆ ಇದೊಂದು ಮೊದಲ ಹೆಜ್ಜೆ. ಹಾಗೆಂದು ರಾಶಿಯನ್ನು ಕಂಡು ಮರುಳಾದವರಲ್ಲ ಅವರು. ಅಚ್ಚಾದುದರಲ್ಲಿ ಬಹುಭಾಗ ಅಲ್ಪಾಯುವೆಂಬುದನ್ನು, ದಿನವೂ ಆ ರಾಶಿಯನ್ನೇ ತಿರುವುತ್ತಿದ್ದ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಎಣಿಕೆಯ ಮತ್ತೊಂದು ಕ್ಷೇತ್ರದಲ್ಲಿಯೂ ಅವರ ಕೈವಾಡವಿದೆ. ಅಮೆರಿಕದ 1880ರ ಜನಗಣತಿಯಲ್ಲಿ ಜನನಮರಣಗಳ ಅಂಕಿಅಂಶಗಳ ಹೊಣೆ ಅವರದಾಗಿತ್ತು. ಗುಮಾಸ್ತರು ಕೈಯಿಂದ ಎಣಿಸಿ ಎಣಿಸಿ ಬಳಲುವುದನ್ನು ಕಂಡು, ಒಬ್ಬೊಬ್ಬರ ವಿವರವನ್ನೂ ರಟ್ಟಿನ ಚೀಟಿಯಲ್ಲಿ ತೂತುಗಳಾಗಿ ಗುರುತಿಸಿ ಯಂತ್ರದಿಂದಲೇ ಎಣಿಸಬಹುದೆಂಬ ಸೂಚನೆಯನ್ನು ಹರ್ಮನ್ ಹಾಲರಿತ್ ಎಂಬ ತರುಣನಿಗೆ ಕೊಟ್ಟರು. ಹಾಲರಿತ್ ಅದನ್ನು ಸಾಧಿಸಿದನು. 1890ರ ಜನಗಣತಿಯಲ್ಲಿ ಅವನ ಯಂತ್ರಗಳು ಕೆಲಸ ಮಾಡಿದವು. ಅವನು ಕಟ್ಟಿದ ಕಂಪನಿಯೇ ಬೇರೆ ಕಂಪನಿಗಳೊಡನೆ ಕೂಡಿ, 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ಪಡೆಯಿತು.

ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸವೂ ಬಿಲ್ಲಿಂಗ್ಸರದೇ. 1889ರಲ್ಲಿ ತೆರೆದ ಈ ಆಸ್ಪತ್ರೆಗೆ ವಿಲಿಯಂ ವೆಲ್ಚ್ ಮತ್ತು ವಿಲಿಯಂ ಆಸ್ಲರ್ ಎಂಬ ವಿದ್ವಾಂಸರನ್ನು ಆರಿಸುವಲ್ಲಿಯೂ ಅವರ ಮಾತು ನಡೆಯಿತು. 1895ರಲ್ಲಿ ಅವರು ಸೇನೆಯಿಂದ ನಿವೃತ್ತರಾದಾಗ ಅಮೆರಿಕ ಮತ್ತು ಬ್ರಿಟನ್ನಿನ 259 ಮಂದಿ ವೈದ್ಯರು ಕೂಡಿ, ಬೆಳ್ಳಿಯ ಕರಂಡಕದಲ್ಲಿ 10,000 ಡಾಲರುಗಳ ಹುಂಡಿಯನ್ನಿಟ್ಟು ಗೌರವಿಸಿದರು. ಮರುವರ್ಷ ಅವರು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕರಾದರು. ಬೇರೆಬೇರೆಯಾಗಿದ್ದ ಗ್ರಂಥಭಂಡಾರಗಳನ್ನು ಒಂದುಗೂಡಿಸಿ, 1911ರಲ್ಲಿ ಅದರ ಭವ್ಯ ಭವನದ ಬಾಗಿಲು ತೆರೆಯುವುದನ್ನು ಕಣ್ಣಾರೆ ಕಂಡರು. 1913ನೆಯ ಮಾರ್ಚ್ 11ರಂದು ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್‌ಟನ್ನಿನ ಯೋಧರ ಸಮಾಧಿಭೂಮಿಯಲ್ಲಿ ಅವರ ದೇಹವನ್ನು ಇರಿಸಲಾಯಿತು.

ಮನುಷ್ಯ ಅಳಿದರೂ ಕೆಲಸ ಬೆಳೆಯಿತು. ಅವರ ಗ್ರಂಥಾಲಯ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯ ಗ್ರಂಥಾಲಯವೆಂದು ಹೆಸರಾಯಿತು. ಅವರ ಸೂಚಿ 1964ರಲ್ಲಿ ಕಂಪ್ಯೂಟರಿಗೆ ಏರಿತು. 1971ರಲ್ಲಿ ಮೆಡ್‌ಲೈನ್ ಎಂಬ ಹೆಸರಿನಲ್ಲಿ ದೂರದ ಊರುಗಳವರಿಗೂ ತಂತಿಯ ಮೂಲಕ ದೊರೆಯಿತು. 1997ರಲ್ಲಿ ಪಬ್‌ಮೆಡ್ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಉಚಿತವಾಯಿತು. ಅಚ್ಚಿನ ಇಂಡೆಕ್ಸ್ ಮೆಡಿಕಸ್ 2004ರಲ್ಲಿ ನಿಂತಿತು. ನಮ್ಮೂರಿನ ವಿದ್ಯಾರ್ಥಿಯೊಬ್ಬನು ಕಾಸು ಕೊಡದೆ ಪ್ಲೇಗಿನ ಲೇಖನಗಳನ್ನು ಹುಡುಕಬಲ್ಲನಾದರೆ, ಅದರ ಹಿಂದೆ ಆ ಪೆನ್ಸಿಲಿನ ಗುರುತುಗಳಿವೆ.

ಇನ್ನು ಆ ಅಂಕಿಗಳ ಕಥೆ. ಜಾನ್ಸ್ ಹಾಪ್ಕಿನ್ಸಿನಲ್ಲಿ ವೆಲ್ಚರ ಹೆಸರಿನ ಒಂದು ವೈದ್ಯ ಗ್ರಂಥಾಲಯವಿದೆ. ವೈದ್ಯಸೂಚಿಯನ್ನು ಯಂತ್ರಗಳಿಂದ ತಯಾರಿಸುವ ಬಗೆಯನ್ನು ಪರೀಕ್ಷಿಸಲು ಸೇನೆಯ ವೈದ್ಯ ಗ್ರಂಥಾಲಯದವರು ಅಲ್ಲಿ ನಡೆಸುತ್ತಿದ್ದ ಯೋಜನೆಗೆ 1951ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬ ತರುಣ ಸೇರಿದನು. ಒಂದು ಲೇಖನ ಯಾವ ವಿಷಯವನ್ನು ಕುರಿತದ್ದು ಎಂದು ಪಟ್ಟಿಮಾಡುವಂತೆ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದೂ ಪಟ್ಟಿಮಾಡಬಹುದಲ್ಲವೇ ಎಂಬ ವಿಚಾರವನ್ನು ಅವನು 1955ರಲ್ಲಿ ಪ್ರಕಟಿಸಿದನು. ಇದರಿಂದ ಮುಂದೆ ಉಲ್ಲೇಖಸೂಚಿಗಳೂ, ಪತ್ರಿಕೆಗಳ ಪ್ರಭಾವಾಂಕವೂ ಹುಟ್ಟಿದವು. ಪ್ರಭಾವಾಂಕದ ಲೆಕ್ಕ ಸರಳ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಪತ್ರಿಕೆ 100 ಲೇಖನಗಳನ್ನು ಅಚ್ಚುಮಾಡಿದ್ದು, ಈ ವರ್ಷ ಅವುಗಳಿಗೆ 300 ಉಲ್ಲೇಖಗಳು ದೊರೆತರೆ ಪ್ರಭಾವಾಂಕ 3. ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ಆರಿಸಲು ಹುಟ್ಟಿದ ಈ ಅಳತೆಗೋಲನ್ನು ಕ್ರಮೇಣ ಮನುಷ್ಯರನ್ನು ಅಳೆಯುವುದಕ್ಕೂ ಬಳಸತೊಡಗಿದರು. ಇದು ತಕ್ಕುದಲ್ಲವೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ಪ್ರಕಾಶಕರೂ ಒಂದು ಘೋಷಣೆಯನ್ನೇ ರೂಪಿಸಿದರು.

ಹಾಗಾದರೆ ಒಂದು ಸಂಶೋಧನೆಯ ಬೆಲೆಯನ್ನು ತಿಳಿಯುವುದು ಹೇಗೆ? ಇಲ್ಲಿಯೂ ವೈದ್ಯ ಗ್ರಂಥಾಲಯಗಳೇ ದಾರಿ ತೋರುತ್ತಿವೆ. ಸೇಂಟ್ ಲೂಯಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಬೆಕರ್ ವೈದ್ಯ ಗ್ರಂಥಾಲಯದವರು ಇದಕ್ಕಾಗಿ ಒಂದು ಮಾದರಿಯನ್ನು ರೂಪಿಸಿದ್ದಾರೆ. ಉಲ್ಲೇಖಗಳನ್ನು ಎಣಿಸುವುದರ ಜೊತೆಗೆ ಅವರು ಬೇರೆ ಪ್ರಶ್ನೆಗಳನ್ನೂ ಕೇಳುತ್ತಾರೆ. ಈ ಸಂಶೋಧನೆಯಿಂದ ಚಿಕಿತ್ಸೆಯ ಕ್ರಮ ಬದಲಾಯಿತೇ? ಹೊಸ ಔಷಧವೋ ಉಪಕರಣವೋ ಬಂದಿತೇ? ಕಾನೂನಿನಲ್ಲಿ ಮಾರ್ಪಾಡಾಯಿತೇ? ಜನರ ಆರೋಗ್ಯ ಸುಧಾರಿಸಿತೇ? ಇವುಗಳಿಗೆ ಉತ್ತರ ಒಂದೇ ಅಂಕಿಯಲ್ಲಿ ಸಿಕ್ಕುವುದಿಲ್ಲ. ಗ್ರಂಥಪಾಲರು ಚಿಕಿತ್ಸಾ ನಿಯಮಾವಳಿಗಳನ್ನೂ ಸರ್ಕಾರಿ ವರದಿಗಳನ್ನೂ ತೆರೆದು ಓದಿ ಜಾಡು ಹಿಡಿಯಬೇಕಾಗುತ್ತದೆ. ಒಂದೇ ಹೆಸರಿನ ಇಬ್ಬರು ಲೇಖಕರನ್ನು ಬೇರ್ಪಡಿಸಬೇಕಾಗುತ್ತದೆ. ಬಿಲ್ಲಿಂಗ್ಸರು ತಮ್ಮ ಪ್ರಬಂಧಕ್ಕಾಗಿ ಮಾಡಲು ಹೊರಟಿದ್ದುದೂ ಇದನ್ನೇ ಅಲ್ಲವೇ? ಮೂರ್ಛೆರೋಗದ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಂದಿ ಹೊಗಳಿದರೆಂಬುದು ಅವರಿಗೆ ಬೇಕಾಗಿರಲಿಲ್ಲ. ಎಷ್ಟು ಮಂದಿ ರೋಗಿಗಳು ಬದುಕಿದರೆಂಬುದು ಬೇಕಾಗಿತ್ತು.

ಕೊನೆಗೊಂದು ಮಾತು. ಬಿಲ್ಲಿಂಗ್ಸರು ಯಾವ ರೋಗಕ್ಕೂ ಹೊಸ ಮದ್ದನ್ನು ಕಂಡುಹಿಡಿದವರೆಂದು ಹೆಸರಾಗಲಿಲ್ಲ. ವೈದ್ಯನು ಸೂಚಿಯ ನೆರವಿನಿಂದ ಲೇಖನವನ್ನು ಕಂಡುಕೊಳ್ಳುತ್ತಾನೆ. ತಾನು ಬರೆಯುವಾಗ ಆ ಲೇಖನವನ್ನು ಹೆಸರಿಸುತ್ತಾನೆ, ಸೂಚಿಯನ್ನು ಹೆಸರಿಸುವುದಿಲ್ಲ. ಆದ್ದರಿಂದ ಉಲ್ಲೇಖಗಳ ತಕ್ಕಡಿಯಲ್ಲಿ ತೂಗಿದರೆ ಬಿಲ್ಲಿಂಗ್ಸರ ತೂಕ ಹಗುರವೆಂದೇ ಕಂಡೀತು. ಆದರೆ ವೈದ್ಯಶಾಸ್ತ್ರಕ್ಕೆ ಅಮೆರಿಕ ಕೊಟ್ಟ ಕಾಣಿಕೆಗಳಲ್ಲಿ ಈ ಗ್ರಂಥಾಲಯ ಮತ್ತು ಅದರ ಸೂಚಿಯೇ ಹಿರಿದೆಂದು ವೆಲ್ಚರಂಥ ಮಹಾವೈದ್ಯರು ಎಣಿಸಿದ್ದರು. ಅಳತೆಗೋಲಿಗೆ ಮರ ಒದಗಿಸಿದವರೇ ಅಳತೆಗೆ ಸಿಕ್ಕದೆ ಉಳಿದರು!

ನಾನು ಪ್ಲೇಗಿನ ಪ್ರಬಂಧವನ್ನು ಎರಡನೆಯ ಸಲ ಬರೆದೆ. ಈ ಸಲ ಹೆಸರಿಸಿದ್ದು ಎರಡೇ ಲೇಖನಗಳನ್ನು. ಅವುಗಳ ಬಳಿಯಿದ್ದ ಅಂಕಿಗಳು ಬಲು ಚಿಕ್ಕವು. ಆದರೆ ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಆಸ್ತಿಯ ಪಾಲನ್ನು ಬಿಟ್ಟುಕೊಟ್ಟು ಓದಲು ಹೊರಟ ಆ ರೈತರ ಮಗನಿಗೆ ವಿದ್ಯಾರ್ಥಿಯಾದವನು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆ ನನಗೆ ತೋಚದು.